ಊಟ ತಪ್ಪಿಸಿಕೊಂಡ ದೋಸ್ತನಿಗೆ

ಲೋ ದೋಸ್ತಾ,

ನೀನು ಬಚಾವಾದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನನ್ನು ಬಿಟ್ಟು ತಿಂದರು ಅಂತ ಹೊಟ್ಟೆ ಉರಿದುಕೊಂಡು ಓದುತ್ತೀಯ.

ಶನಿವಾರ ಗ್ಯಾಂಗು ಸೇರಿತ್ತು. ನೀನು ಧಾರವಾಡಕ್ಕೆ ವಾಪಸ್ ಹೋದ ಮೇಲೆ ಎಲ್ಲರೂ ಒಟ್ಟಿಗೆ ಕೂತಿದ್ದು ಇದೇ ಮೊದಲು. ಗುಂಡನಿಗೆ ಪ್ರಮೋಷನ್ ಆಗಿದೆ, ಆದರೆ ಟ್ರೀಟ್ ಅವನದಲ್ಲ. ಯಾಕೆ ಅಂತ ನಿನಗೆ ಗೊತ್ತು, ಬೇರೆಯವರಿಗೆ ಗೊತ್ತಾಗುವುದು ಬೇಡ. ಜಾಗ ಆರಿಸಿದವರು ಮೇಷ್ಟ್ರು. ಇಂದಿರಾನಗರದ ಟ್ವೆಲ್ತ್ ಮೇನ್ ಕಡೆ ಒಂದು ಅಡ್ಡರಸ್ತೆಯಲ್ಲಿರುವ ಇಟಾಲಿಯನ್ ಹೋಟೆಲು. ಹೆಸರು ಬರೆಯುವುದಿಲ್ಲ, ಅವರ ಪಾಡಿಗೆ ಅವರು ಬದುಕಿಕೊಳ್ಳಲಿ. ನಾನು ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರಿನಿಂದ ನೇರಳೆಗೆ ಬದಲಿಸಿ, ಹೇಳಿದ ಹೊತ್ತಿಗೆ ಹೋಗಿ ಕೂತೆ. ಕಾರಿನವರು ದೊಮ್ಮಲೂರಿನಲ್ಲಿ ನಿಂತು ಲೈವ್ ಲೊಕೇಶನ್ ಕಳಿಸುತ್ತಿದ್ದರು. ಚುಕ್ಕಿ ಅಲ್ಲಾಡಲೇ ಇಲ್ಲ.

ಈಗ ಊಟದ ವಿಷಯ. ಲಾಕ್‌ಡೌನಿನಲ್ಲಿ ಎಲ್ಲರೂ ಬಾಳೆಹಣ್ಣಿನ ಕೇಕ್ ಮಾಡುತ್ತಿದ್ದಾಗ ನಾನು ಪಾಸ್ತಾ ಹಿಡಿದುಕೊಂಡಿದ್ದೆನಲ್ಲ, ಆ ರೋಗ ಇನ್ನೂ ವಾಸಿಯಾಗಿಲ್ಲ. ಹಾಗಾಗಿ ಮೆನುವಿನಲ್ಲಿ ‘ವೆಜ್ ಕಾರ್ಬೊನಾರ’ ಅಂತ ನೋಡಿದ ತಕ್ಷಣ ನನ್ನ ಪಾಠ ಶುರುವಾಯಿತು. ರೋಮಿನವರು ಅದಕ್ಕೆ ಹಾಕುವುದು ಮೊಟ್ಟೆ, ಕುರಿ ಹಾಲಿನ ಪೆಕೊರಿನೊ ಚೀಸು, ಕರಿಮೆಣಸು, ಉಪ್ಪು ಹಚ್ಚಿ ಒಣಗಿಸಿದ ಹಂದಿ ಕೆನ್ನೆ. ಕ್ರೀಮ್ ಹತ್ತಿರವೂ ಬರಬಾರದು. ಬಿಸಿ ಪಾಸ್ತಾದ ಕಾವಿಗೇ ಮೊಟ್ಟೆ ಗಂಟುಕಟ್ಟದೆ ನುಣ್ಣಗಾಗಬೇಕು, ಕಸರತ್ತು ಇರುವುದು ಅಲ್ಲೇ. ನಮ್ಮ ಮುಂದೆ ಬಂದಿದ್ದು ಮೈದಾ, ಹಾಲು, ಕ್ರೀಮ್ ಕುದಿಸಿ ಅದರಲ್ಲಿ ಬೇಬಿ ಕಾರ್ನ್ ಮುಳುಗಿಸಿದ ಒಂದು ವಸ್ತು. ಎಲ್ಲ ಕೇಳಿಸಿಕೊಂಡ ಗುಂಡ, ‘ನೀನು ಮೊಟ್ಟೆಯನ್ನೇ ಮುಟ್ಟಲ್ಲ, ನಿನಗ್ಯಾಕೋ ಹಂದಿ ಕೆನ್ನೆ ಉಸಾಬರಿ?’ ಅಂದ. ನ್ಯಾಯವಾದ ಪ್ರಶ್ನೆ.

ಅರಾಬಿಯಾಟ ಪಾಸ್ತಾ ಸಿಹಿಯಾಗಿತ್ತು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಟೊಮೆಟೊ ಇಷ್ಟೇ ಇರಬೇಕಾದ ಸಾರಿಗೆ ಯಾರೋ ಧಾರಾಳವಾಗಿ ಸಕ್ಕರೆ ಸುರಿದಿದ್ದರು. ಬೆಂಗಳೂರಿನ ಸಾಂಬಾರಿಗೆ ಬೆಲ್ಲ ಹಾಕುತ್ತಾರೆ ಅಂತ ಹಾಸ್ಟೆಲಿನಲ್ಲಿ ದಿನಾ ಜಗಳ ತೆಗೆಯುತ್ತಿದ್ದೆಯಲ್ಲ, ಇದನ್ನು ತಿಂದಿದ್ದರೆ ಹೋಟೆಲಿನ ಮುಂದೆ ಧರಣಿ ಕೂರುತ್ತಿದ್ದೆ.

ಪಿಜ್ಜಾ ಒಲೆ ಮಾತ್ರ ನೋಡಲು ಭರ್ಜರಿ. ಗಾಜಿನಾಚೆ ಸೌದೆ ಧಗಧಗ ಉರಿಯುತ್ತಿತ್ತು. ನೇಪಲ್ಸಿನ ಕ್ರಮದಲ್ಲಿ ಒಲೆ 430 ಡಿಗ್ರಿ ದಾಟಿರುತ್ತದೆ, 60ರಿಂದ 90 ಸೆಕೆಂಡಿನಲ್ಲಿ ಪಿಜ್ಜಾ ಹೊರಗೆ ಬರುತ್ತದೆ. ಅಲ್ಲಿ ಪಿಜ್ಜಾ ಮಾಡುವವರ ಕೈಕಸುಬನ್ನು ಯುನೆಸ್ಕೊದವರು 2017ರಲ್ಲಿ ತಮ್ಮ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡರು. ನಮ್ಮದು ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಂಚು ಕರಕಲು, ನಡುವೆ ಹಸಿ ಹಿಟ್ಟು. ಆ ಒಲೆ ಬರೀ ಫೋಟೊಗೆ, ಪಿಜ್ಜಾ ಹಿಂದುಗಡೆ ಮೈಕ್ರೊವೇವಿನಲ್ಲಿ ಆಗುತ್ತದೆ ಅಂತ ನಮ್ಮ ಹಳೇ ಕ್ಲಾಸ್ ಲೀಡರ್ ಸಿ.ಆರ್. ಸಾಧಿಸಿದಳು. ರಿಸೊಟ್ಟೊ ತಟ್ಟೆ ಅಲ್ಲಾಡಿಸಿದರೆ ಅನ್ನ ಸಡಿಲವಾಗಿ ಹರಡಿಕೊಳ್ಳಬೇಕು. ಮೇಷ್ಟ್ರು ತಟ್ಟೆಯನ್ನೇ ವಾಲಿಸಿ ಹಿಡಿದು ತೋರಿಸಿದರು. ಕದಲಲಿಲ್ಲ.

ಪಾಸ್ತಾ ಬೆಂದೂ ಬೆಂದೂ ಕಲೆಸಿಹೋಗಿತ್ತು. ಅದನ್ನು ಫೋರ್ಕಿಗೆ ಸುತ್ತಲು ಹೋದಾಗ ನಿಮ್ಮ ಮನೆಯ ಶಾವಿಗೆ ನೆನಪಾಯಿತು, ಸತ್ಯವಾಗಿ. ಇಟಲಿಯ ಒಣ ಪಾಸ್ತಾ ಡ್ಯೂರಮ್ ಗೋಧಿಯ ರವೆಯದು. ಗಟ್ಟಿ ಗೋಧಿ, ಸುಲಭಕ್ಕೆ ಕರಗುವುದಿಲ್ಲ. ನಿಮ್ಮ ಕಡೆಯ ಜವೆ ಗೋಧಿ ಅದಕ್ಕೆ ಹತ್ತಿರದ ನೆಂಟ. ಅವ್ವ ಶಾವಿಗೆ ಮಣೆಯ ಮೇಲೆ ಕೂತು ಎಳೆ ತೆಗೆದು, ಕೋಲಿನ ಮೇಲೆ ಒಣಹಾಕಿ, ಡಬ್ಬಿ ತುಂಬಿ ಕಳಿಸುತ್ತಿದ್ದರು. ನಾವು ಅದನ್ನು ರೂಮಿನಲ್ಲಿ ಕದ್ದು ಬೇಯಿಸುತ್ತಿದ್ದೆವು. ಎಷ್ಟೇ ಕೆಟ್ಟದಾಗಿ ಬೇಯಿಸಿದರೂ ಎಳೆ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಹಸಿರು ಬಕೆಟ್ಟಿನ ವಿಷಯ ಇಲ್ಲಿ ಬೇಡ.

ಆದರೆ ಒಂದು ತಟ್ಟೆ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಮೊದಲು ಬಂದ ಬ್ರುಸ್ಕೆಟಾ. ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಟೊಮೆಟೊ, ಬೇಸಿಲ್ ಎಲೆ, ಒಳ್ಳೆ ಆಲಿವ್ ಎಣ್ಣೆ. ಏನೂ ತಪ್ಪು ಹುಡುಕುವ ಹಾಗಿರಲಿಲ್ಲ. ‘ಚೆನ್ನಾಗಿದೆ ಅಲ್ವಾ?’ ‘ಹೂಂ, ಚೆನ್ನಾಗಿದೆ.’ ಮುಗಿಯಿತು. ಯಾರಿಗೂ ಮಾತಿಲ್ಲ. ಗುಂಡ ಇ-ಖಾತಾ ಎಲ್ಲಿಗೆ ಬಂತು ಅಂತ ಹೇಳಿದ. ಮೇಷ್ಟ್ರು ಮಗಳ ಸ್ಕೂಲ್ ಫೀಸು ಹೇಳಿದರು, ಎಲ್ಲರೂ ‘ಅಯ್ಯಪ್ಪಾ’ ಅಂದೆವು. ಮತ್ತೆ ಸುಮ್ಮನೆ. ಒಬ್ಬೊಬ್ಬರ ಫೋನೂ ಮೇಜಿನ ಮೇಲೆ ಮುಖ ಮೇಲಾಗಿ ತಿರುಗಿಕೊಂಡಿತು. ನೀನು ನಂಬುವುದಿಲ್ಲ. ಬೆಳಗಿನ ಜಾವದವರೆಗೂ ಬಾಯಿ ಮುಚ್ಚದ ಗುಂಪು ಇದು!

ಆಗ ಕಾರ್ಬೊನಾರ ಬಂತು. ಮೇಜಿಗೆ ಜೀವ ಬಂತು. ಒಬ್ಬರ ಮೇಲೊಬ್ಬರು ಬಿದ್ದು ಬೈದೆವು, ನಕ್ಕೆವು, ಗುಂಡ ಕೆಮ್ಮಿ ನೀರು ಚೆಲ್ಲಿದ. ಥೇಟ್ ಹಳೇ ದಿನವೇ. ಬೈಗುಳ ಖಾಲಿಯಾದಾಗ ಮತ್ತೆ ಅದೇ ಮೌನ. ಅರಾಬಿಯಾಟ ಬಂದಾಗ ಮತ್ತೆ ನಗು. ಪಿಜ್ಜಾಕ್ಕೆ ಕಾಯುವಾಗ ನನ್ನ ಮನಸ್ಸು ಏನು ಮಾಡುತ್ತಿತ್ತು ಗೊತ್ತಾ? ಇದೂ ಕೆಟ್ಟಿರಲಿ ದೇವರೇ ಅಂತ ಕೇಳಿಕೊಳ್ಳುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಹಸಿ ಹಿಟ್ಟು ನೋಡಿದಾಗ ನನಗೆ ನಿಜವಾಗಿ ಹಾಯೆನಿಸಿತು.

ಯಾಕೆ ಅಂತ ಆಮೇಲೆ ಮೆಟ್ರೊದಲ್ಲಿ ಯೋಚಿಸಿದೆ. ಪಿಜ್ಜಾ ಚೆನ್ನಾಗಿದ್ದಿದ್ದರೆ ಯಾರಾದರೂ ‘ಮತ್ತೆ, ನೀನು ಹೇಗಿದ್ದೀಯೋ?’ ಅಂತ ಕೇಳಿಬಿಡುತ್ತಿದ್ದರೇನೋ. ಕೇಳಲಿ ಅಂತಲೇ ಅಷ್ಟು ದೂರ ಹೋಗಿದ್ದೆ. ಕೇಳದಿದ್ದರೆ ಸಾಕು ಅಂತಲೂ ಕೂತಿದ್ದೆ. ಕೇಳಿದ್ದರೆ ಏನು ಹೇಳಬೇಕಿತ್ತು? ಮನೆಯಿಂದಲೇ ಕೆಲಸ. ಕೆಲವು ದಿನ ನಾನು ಬಾಯಿಬಿಟ್ಟು ಆಡುವ ಮಾತು ಅಂದರೆ ಡೆಲಿವರಿ ಹುಡುಗನಿಗೆ ಹೇಳುವ ಓಟಿಪಿ ಒಂದೇ. ಮೀಟಿಂಗಿನಲ್ಲಿ ಮ್ಯೂಟ್ ತೆಗೆದರೆ ಗಂಟಲು ಕಟ್ಟಿರುತ್ತದೆ. ರಾತ್ರಿ ಎರಡು ಗಂಟೆಯಾದರೂ ನಿದ್ದೆ ಹತ್ತುವುದಿಲ್ಲ, ಯಾರೋ ಗುರುತಿಲ್ಲದವರು ಹಿಟ್ಟು ನಾದುವ ವಿಡಿಯೊ ನೋಡುತ್ತಾ ಬಿದ್ದಿರುತ್ತೇನೆ. ಇಷ್ಟೆಲ್ಲ ಪಾಸ್ತಾ ಜ್ಞಾನ ಎಲ್ಲಿಂದ ಬಂತು ಅಂದುಕೊಂಡೆ?

ಇನ್ನೊಂದು ಹೇಳಿಬಿಡುತ್ತೇನೆ. ಫೋನ್ ಮಾಡದೆ ಹೀಗೆ ಊರಿಗೆಲ್ಲ ಕಾಣುವ ಹಾಗೆ ಯಾಕೆ ಬರೆಯುತ್ತಿದ್ದಾನೆ ಅಂತ ನಿನಗೆ ಅನ್ನಿಸಿರಬೇಕು. ಫೋನ್ ಮಾಡಿದರೆ ಅಪ್ಪನ ಆರೋಗ್ಯ ಕೇಳುತ್ತೇನೆ, ಮಳೆ ಕೇಳುತ್ತೇನೆ, ಹೊಲ ಕೇಳುತ್ತೇನೆ. ಆಮೇಲೆ ನಮ್ಮಿಬ್ಬರ ನಡುವೆಯೂ ಆ ಮೌನ ಬಂದರೆ? ಮೇಜಿನ ಮೇಲೆ ಬೈಯಲು ಪಿಜ್ಜಾನೂ ಇರುವುದಿಲ್ಲ. ಇಲ್ಲಿಯಾದರೆ ನಾನೊಬ್ಬನೇ ಮಾತಾಡುತ್ತಿರಬಹುದು. ನೀನು ‘ಹೂಂ’ ಅಂದು ಸುಮ್ಮನಾಗಿದ್ದು ನನಗೆ ಕೇಳಿಸುವುದಿಲ್ಲ.

ಥತ್, ಸಾಕು. ಬೇಬಿ ಕಾರ್ನ್ ತಲೆಗೇರಿದೆ. ಮಧ್ಯದಲ್ಲಿ ಓದುತ್ತಿರುವ ಉಳಿದ ಮಹನೀಯರಲ್ಲಿ ವಿನಂತಿ: ದಯವಿಟ್ಟು ಧ್ಯಾನದ ಆ್ಯಪ್‌ಗಳ ಲಿಂಕ್ ಕಳಿಸಬೇಡಿ, ಅಶ್ವಗಂಧ ಮನೆಯಲ್ಲಿ ಈಗಾಗಲೇ ಇದೆ. ನಾನು ದಷ್ಟಪುಷ್ಟವಾಗಿದ್ದೇನೆ. ಪ್ಯಾಂಟಿನ ಗುಂಡಿಯೇ ಸಾಕ್ಷಿ.

ಕೊನೆಗೆ ಬಂದ ಸಿಹಿ, ತಿರಮಿಸು, ಅದರ ಕಥೆ ಬಾಕಿ ಇದೆ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು ಅದರ ಜೀವಾಳ, ಅಲ್ವಾ? ಇದರಲ್ಲಿ ಕಾಫಿ ವಾಸನೆಯೂ ಇರಲಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಬೆಳೆಯುವ ರಾಜ್ಯ ನಮ್ಮದು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶವೇ ಇಟಲಿ. ಕೊಡಗಿನ ರೊಬಸ್ಟಾ ಅಲ್ಲಿಗೆ ಹೋಗಿ ಎಸ್ಪ್ರೆಸೊ ಆಗುತ್ತದೆ, ಇಂದಿರಾನಗರದ ಒಂದು ಬಿಸ್ಕತ್ತಿಗೆ ನಾಲ್ಕು ಹನಿ ಡಿಕಾಕ್ಷನ್ ಸಿಗುವುದಿಲ್ಲ. ಮೇಷ್ಟ್ರು ಇದರ ಮೇಲೆ ಪದ್ಯ ಕಟ್ಟಲು ಹೊರಟರು. ಛತ್ರಿ ಪ್ರಸಂಗ ನೆನಪಿಸಿ ಕೂರಿಸಿದೆವು.

ಬಿಲ್ಲಿನಲ್ಲಿ ಶೇಕಡ 10 ಸರ್ವೀಸ್ ಚಾರ್ಜ್ ಸೇರಿಸಿದ್ದರು. ಸಿ.ಆರ್. ಎದ್ದು ನಿಂತಳು. ಗ್ರಾಹಕರ ರಕ್ಷಣಾ ಪ್ರಾಧಿಕಾರ 2022ರಲ್ಲೇ ಇದನ್ನು ತಾನಾಗಿ ಸೇರಿಸಬೇಡಿ ಅಂದಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ ಅಂತ ಮ್ಯಾನೇಜರಿಗೆ ನಿಂತಲ್ಲೇ ಕ್ಲಾಸ್ ತೆಗೆದುಕೊಂಡಳು. ಹಿಂದೆ ನಾವೆಲ್ಲ ಕೈಕಟ್ಟಿ ನಿಂತಿದ್ದೆವು. ತೆಗೆದರು. ಆ ದುಡ್ಡನ್ನು ಬಡಿಸಿದ ಹುಡುಗನ ಕೈಗೇ ಕೊಟ್ಟೆವು. ಹಾವೇರಿಯವನಂತೆ, ಪಾಪ, ಊಟ ಹೇಗಿತ್ತು ಅಂತ ಕೇಳುವ ಧೈರ್ಯವನ್ನೇ ಮಾಡಲಿಲ್ಲ.

ಕೊನೆಯದಾಗಿ ಲೆಕ್ಕಾಚಾರ. ಖರ್ಚು ಹಂಚುವ ಆ್ಯಪಿನ ಹಳೇ ಗ್ರೂಪಿಗೇ ಗುಂಡ ಬಿಲ್ ಹಾಕಿದ್ದಾನೆ. ಅದರಲ್ಲಿ ನೀನು ಇನ್ನೂ ಇದ್ದೀಯ, ಯಾರೂ ನಿನ್ನನ್ನು ತೆಗೆದಿಲ್ಲ. ಆ್ಯಪು ಎಲ್ಲರಿಗೂ ಸಮ ಹಂಚಿದೆ. ನಿನ್ನ ಪಾಲು 870 ರೂಪಾಯಿ. ಸರಿ ಮಾಡೋಣ ಅಂದರೆ ಪಾಸ್‌ವರ್ಡ್ ಗುಂಡನಿಗೇ ಮರೆತಿದೆಯಂತೆ. ನೀನು ಕೊಟ್ಟುಬಿಡು. ಯುಪಿಐ ಆಗದಿದ್ದರೆ ಶಾವಿಗೆ ಕಳಿಸು, ಕೊರಿಯರ್ ದುಡ್ಡು ನಿನ್ನದೇ.

ಇಂತಿ ನಿನ್ನ,
ಹನ್ನೊಂದನೇ ಇಡ್ಲಿ