ಕೆರೆಗೆ ನಾಲ್ಕೂ ಕಡೆ ಏರಿ ಯಾಕೆ?

ಮಾನ್ಯರೇ,

ಭಾನುವಾರ ಬೆಳಗ್ಗೆ ಬೆಂಗಳೂರಿನ ಯಾವ ಕೆರೆಗೆ ಹೋದರೂ ಬಿರುಸಾಗಿ ನಡೆಯುವವರು, ಕಲ್ಲುಬೆಂಚಿನ ಮೇಲೆ ಪೇಪರ್ ಬಿಡಿಸಿ ಕೂತವರು, ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುವುದನ್ನು ಮಗುವಿಗೆ ತೋರಿಸುವವರು ಸಿಗುತ್ತಾರೆ. ಕಾಸಿಲ್ಲದೆ ಇಷ್ಟು ನೆಮ್ಮದಿ ಕೊಡುವ ಜಾಗ ಊರಲ್ಲಿ ಹೆಚ್ಚಿಲ್ಲ. ಆದರೆ ಈ ನಡಿಗೆಗೆಂದು ಹಾಕುವ ದಾರಿಯೇ ಹಲವು ಕೆರೆಗಳನ್ನು ಕೆಡಿಸುತ್ತಿದೆ.

ನಮ್ಮ ಕೆರೆಗಳಿಗೆ ಏರಿ ಇದ್ದದ್ದು ತಗ್ಗಿನ ಕಡೆ ಮಾತ್ರ. ಬೇಕಾದಾಗ ನೀರು ಬಿಡುವ ತೂಬು, ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿ ಎರಡೂ ಅಲ್ಲೇ. ಉಳಿದ ಕಡೆ ನೆಲ ಮೆಲ್ಲಗೆ ಇಳಿದು ನೀರಿಗೆ ಸೇರುತ್ತಿತ್ತು. ಈಗ 'ಅಭಿವೃದ್ಧಿ' ಎಂದರೆ ಅಂಗಳದ ಹೂಳೆತ್ತಿ, ಅದನ್ನೇ ಸುತ್ತಲೂ ಪೇರಿಸಿ, ಒಳಮೈಗೆ ಕಲ್ಲು ಹೊದಿಸಿ, ನೆತ್ತಿಗೆ ಪೇವರ್ ಕೂರಿಸುವುದು. ಕೆರೆ ಹೋಗಿ ಸಾರಿನ ಬೋಗುಣಿಯಾಗುತ್ತದೆ.

ಮೇಲಿನ ಬಡಾವಣೆಯ ಮಳೆನೀರು ಈ ಹೊಸ ಏರಿಗೆ ತಡೆದು ಹೊರಗೇ ನಿಲ್ಲುತ್ತದೆ. ದಾರಿಯಡಿ ಹೂತ ಪೈಪು ಮೊದಲ ಜೋರು ಮಳೆಗೇ ಪ್ಲಾಸ್ಟಿಕ್, ಎಳನೀರು ಬುರುಡೆ ಸಿಕ್ಕಿ ಕಟ್ಟಿಕೊಳ್ಳುತ್ತದೆ. ಆಮೇಲೆ ಮನೆಯೊಳಗೆ ನೀರು ನುಗ್ಗಿತೆಂದು ಬೈಸಿಕೊಳ್ಳುವುದು ಕೆರೆಯೇ! ಅಲ್ಲದೆ ಹೂಳು ಏರಿಗೆ ಒದಗುವ ಮಣ್ಣಲ್ಲ. ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಒಂದು ಗೇಣಿನಷ್ಟು ಪದರ ಹಾಸಿ, ನೀರು ಚಿಮುಕಿಸಿ, ರೋಲರ್ ಹೊಡೆದು ಮುಂದಿನ ಪದರ ಹಾಕಬೇಕಾದಲ್ಲಿ ಲಾರಿಯಿಂದ ಸುರಿದು ಮಟ್ಟ ಮಾಡಿದರೆ ವರ್ಷದೊಳಗೆ ಪೇವರ್ ಕುಸಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಮೊಣಕಾಲುದ್ದ ನೀರಿನದು. ಒಂದೆರಡು ಅಡಿ ಆಳದ ಆ ಅಂಚಿನಲ್ಲೇ ಜೊಂಡು ಬೆಳೆಯುವುದು, ಬಕ ನಿಂತು ಹೊಂಚುವುದು, ಗುಳುಮುಳುಕ ತೇಲುಗೂಡು ಕಟ್ಟುವುದು. ಕೊಳಚೆಯ ಸಾರಜನಕ, ರಂಜಕವನ್ನು ಒಂದಷ್ಟು ಹೀರುವುದೂ ಇದೇ ಜೊಂಡು. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಇಂಥ ಜೌಗಿನ ಮೂಲಕ ಹಾದೇ ಕೆರೆಗಿಳಿಯುತ್ತದೆ. ಹಾಗೆಂದು ಬೆಳೆಯಲು ಬಿಟ್ಟು ಸುಮ್ಮನಿರುವಂತಿಲ್ಲ. ಆಗಾಗ ಕೊಯ್ದು ಹೊರಗೆ ಸಾಗಿಸದಿದ್ದರೆ ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ಮರಳಿಸುತ್ತದೆ.

ನಡಿಗೆಗೆ ಎರಡು ಮೀಟರ್ ಅಗಲದ ಗರಸಿನ ದಾರಿ ಧಾರಾಳ. ಏರಿಯಿಲ್ಲದ ಕಡೆ ಅದು ಜೌಗಿನಿಂದ ಹಿಂದಕ್ಕೆ, ನೆಲಮಟ್ಟದಲ್ಲೇ ಸಾಗಲಿ. ಕಾಲುವೆ ಅಡ್ಡ ಬಂದಲ್ಲಿ ಪೈಪಿನ ಬದಲು ತೆರೆದ ಕಿರುಸೇತುವೆ ಇರಲಿ. ನೆರಳಿಗೆಂದು ಮೂಲ ಏರಿಯ ಮೇಲೆ ದೊಡ್ಡ ಮರ ನೆಡುವುದು ಬೇಡ. ಮರ ಸತ್ತು ಬೇರು ಕೊಳೆತರೆ ಅದರ ಪೊಳ್ಳಿನಲ್ಲೇ ನೀರು ಜಿನುಗುತ್ತದೆ. ಹೊಂಗೆಯನ್ನು ಏರಿಯ ಬುಡದಿಂದ ಆಚೆಗೆ ನೆಡಬಹುದು. ದೀಪ ಸೊಂಟದೆತ್ತರಕ್ಕಿದ್ದು ಕೆಳಮುಖವಾಗಿ ಉರಿದರೆ ನಡೆಯುವವರಿಗೆ ಸಾಕು, ಹಕ್ಕಿಗೂ ನಿದ್ದೆ. ಸಂಗೀತ ಕಾರಂಜಿಯ ಆಸೆಯನ್ನು ಮಾಲ್‌ಗಳಿಗೆ ಬಿಡೋಣ.

ನಿಮ್ಮ ಕೆರೆಗೆ ಕಾಮಗಾರಿ ಬಂದರೆ ಮೊದಲು ನಕ್ಷೆಯ ಅಡ್ಡಸೀಳು (ಕ್ರಾಸ್ ಸೆಕ್ಷನ್) ಕೇಳಿ ನೋಡಿ. ನಾಲ್ಕೂ ಕಡೆ ಒಂದೇ ಎತ್ತರದ ಏರಿ ಬರೆದಿದ್ದರೆ ಆಗಲೇ ಆಕ್ಷೇಪಣೆ ಕೊಡಿ. ಮಣ್ಣು ಬಿದ್ದ ಮೇಲೆ ತೆಗೆಸುವುದಕ್ಕೆ ಇನ್ನೊಂದು ಟೆಂಡರ್ ಬೇಕಾಗುತ್ತದೆ.

– ಓರ್ವ ಸಿವಿಲ್ ಎಂಜಿನಿಯರ್, ಬೆಂಗಳೂರು