ಸಂಸದರೇ, ವಿಮಾನಕ್ಕೆ ಎಫ್‌ಸಿ ಕೊಡುವವರು ಎಷ್ಟು ಜನ ಇದ್ದಾರೆ?

ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದ ಸಂಸದರಿಗೆ ನಮಸ್ಕಾರ.

ದೇವನಹಳ್ಳಿ ನಿಮ್ಮ ಕ್ಷೇತ್ರಕ್ಕೇ ಸೇರುತ್ತದೆ. ಅಂದ್ರೆ ಕೆಂಪೇಗೌಡ ವಿಮಾನ ನಿಲ್ದಾಣವೂ ನಿಮ್ಮ ಪಾಲಿಗೇ ಬಂತು. ಅದಕ್ಕೇ ಈ ಪತ್ರ.

ಕೆಲವು ವರ್ಷಗಳ ಹಿಂದೆ ನಮ್ಮ ಮಾವ ದ್ರಾಕ್ಷಿ ಸಾಗಿಸುವ ಟೆಂಪೋಗೆ ಎಫ್‌ಸಿ, ಅಂದ್ರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಮಾಡಿಸಲು ಹೊರಟಾಗ ನಾನೂ ಜೊತೆಗಿದ್ದೆ. ಬೆಳಗ್ಗೆ ಒಂಬತ್ತಕ್ಕೆ ಸಾಲಿನಲ್ಲಿ ನಿಂತೆವು. ಇನ್ಸ್‌ಪೆಕ್ಟರ್ ಒಬ್ಬರೇ, ಅವರಿಗೆ ಇನ್ನೊಂದು ಊರಿನ ಚಾರ್ಜೂ ಇತ್ತಂತೆ. ಮಧ್ಯಾಹ್ನ ಮೂರಕ್ಕೆ ಬಂದರು, ಹಾರ್ನ್ ಹೊಡೆಸಿದರು, ಇಂಡಿಕೇಟರ್ ನೋಡಿದರು, ಸಹಿ ಹಾಕಿದರು. ಬ್ರೇಕ್ ಮುಟ್ಟಲೇ ಇಲ್ಲ. ಗಾಡಿ ಚೆನ್ನಾಗಿಯೇ ಇತ್ತು ಬಿಡಿ, ಆದರೆ ಅದು ಗೊತ್ತಿದ್ದದ್ದು ಮಾವನಿಗೆ, ಸಹಿ ಹಾಕಿದವರಿಗಲ್ಲ.

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಬೇರೆ ದೇಶಗಳಿಗೆ ವಿಮಾನ ಸುರಕ್ಷತೆಯ ಕೆಟಗರಿ ಕೊಡುವಾಗ ನೋಡುವುದು ಇದನ್ನೇ. ಎಷ್ಟೋ ಜನ ಅದು ಏರ್‌ಲೈನ್‌ಗೆ ಸಿಗುವ ಮಾರ್ಕ್ಸ್ ಅಂದುಕೊಂಡಿದ್ದಾರೆ. ಅಲ್ಲ. ಅವರು ಟೆಂಪೋ ನೋಡುವುದಿಲ್ಲ, ಆರ್‌ಟಿಒ ಆಫೀಸು ಹೇಗಿದೆ ಅಂತ ನೋಡುತ್ತಾರೆ. ಕಾನೂನು ಇದೆಯಾ, ತರಬೇತಿ ಪಡೆದವರು ಇದ್ದಾರಾ, ಲೈಸೆನ್ಸ್ ಕೊಟ್ಟ ಮೇಲೂ ಕಣ್ಣಿಡುತ್ತಾರಾ, ತಪ್ಪು ಸಿಕ್ಕರೆ ಸರಿ ಮಾಡಿಸುತ್ತಾರಾ ಅಂತ. ಅಳತೆಗೋಲು ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒದ್ದು. ಫಲಿತಾಂಶ ಅಳತೆಗೆ ಸರಿಯಿದ್ದರೆ ಕೆಟಗರಿ 1, ಇಲ್ಲದಿದ್ದರೆ 2, ಅಷ್ಟೇ. ಯುರೋಪಿನವರು ಹಾಗಲ್ಲ, ನಿಷೇಧದ ಪಟ್ಟಿಯಲ್ಲಿ ಏರ್‌ಲೈನ್‌ಗಳ ಹೆಸರನ್ನೇ ಬರೆದುಬಿಡುತ್ತಾರೆ.

2014ರ ಜನವರಿ 31ರಂದು ನಮ್ಮ ದೇಶ ಕೆಟಗರಿ 2ಕ್ಕೆ ಇಳಿಯಿತು. ವಿಮಾನಗಳ ಆರ್‌ಟಿಒ ಅನ್ನಬಹುದಾದ ನಮ್ಮ ಡಿಜಿಸಿಎಯಲ್ಲಿ ಪೂರ್ಣಾವಧಿ ಇನ್ಸ್‌ಪೆಕ್ಟರ್‌ಗಳು ಸಾಕಷ್ಟು ಇರಲಿಲ್ಲ, ಏರ್‌ಲೈನ್‌ಗಳಿಂದಲೇ ಪೈಲಟ್‌ಗಳನ್ನು ಎರವಲು ತಂದು ಕೆಲಸ ಸಾಗಿಸುತ್ತಿದ್ದರು. ಬಸ್ ಮಾಲೀಕನ ಡ್ರೈವರ್ ಕೈಲೇ ಎಫ್‌ಸಿ ಬರೆಸಿದ ಹಾಗೆ, ಅಲ್ವಾ? ಏರ್ ಇಂಡಿಯಾ, ಜೆಟ್ ಏರ್‌ವೇಸ್ ಎರಡಕ್ಕೂ ಅಮೆರಿಕಕ್ಕೆ ಹೊಸ ವಿಮಾನ ಬಿಡುವ ಹಾಗಿರಲಿಲ್ಲ, ಇದ್ದ ವಿಮಾನಗಳಿಗೂ ಅಲ್ಲಿ ತಪಾಸಣೆ ಜಾಸ್ತಿಯಾಯಿತು. ತಪ್ಪು ಆಫೀಸಿನದು, ದಂಡ ಏರ್‌ಲೈನ್‌ಗೆ. 2015ರ ಏಪ್ರಿಲ್ 8ಕ್ಕೆ ಕೆಟಗರಿ 1 ವಾಪಸ್ ಸಿಕ್ಕಿತು. ಸಿಕ್ಕದೇ ಇದ್ದಿದ್ದರೆ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಮಹಿಳಾ ಪೈಲಟ್‌ಗಳೇ ನಡೆಸಿಕೊಂಡು ಬಂದ ನೇರ ವಿಮಾನ ದೇವನಹಳ್ಳಿಯಲ್ಲಿ ಇಳಿಯುತ್ತಲೇ ಇರಲಿಲ್ಲ. ಅವತ್ತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ಸರಿ, ಅದು ಹಳೇ ಕಥೆ. 2023ರಲ್ಲೂ ಕೆಟಗರಿ 1 ಉಳಿಯಿತು, ಅದಕ್ಕೂ ಮುಂಚೆ 2022ರ ಐಸಿಎಒ ಆಡಿಟ್‌ನಲ್ಲಿ ಶೇಕಡಾ 85ಕ್ಕಿಂತ ಜಾಸ್ತಿ ಅಂಕ ಬಂತು. ಖುಷಿಯೇ. ಆದರೆ ಅಹಮದಾಬಾದ್ ವಿಮಾನ ದುರಂತದ ಎರಡು ತಿಂಗಳ ನಂತರ, 2025ರ ಆಗಸ್ಟ್‌ನಲ್ಲಿ ಸಂಸದೀಯ ಸ್ಥಾಯಿ ಸಮಿತಿಯ ವರದಿ ಬಂತು ನೋಡಿ, ಅದನ್ನು ಓದಿ ನನಗೆ ಮತ್ತೆ ಮಧ್ಯಾಹ್ನ ಮೂರರವರೆಗೆ ನಿಂತ ಆ ಸಾಲು ನೆನಪಾಯಿತು. ಡಿಜಿಸಿಎಗೆ ಮಂಜೂರಾದ ಹುದ್ದೆ 1,063, ಭರ್ತಿಯಾಗಿದ್ದದ್ದು 553. ಸಂಸತ್ತಿನ ಸಮಿತಿಯೇ ಕೊಟ್ಟ ಲೆಕ್ಕ ಇದು. 2014ರಲ್ಲಿ ನಮ್ಮನ್ನು ಕೆಳಗಿಳಿಸಿದ್ದೂ ಜನರ ಕೊರತೆಯೇ ತಾನೆ?

ನೀವು ವಿಮಾನ ನಿಲ್ದಾಣದ ಬಗ್ಗೆ ಮಾತಾಡುವಾಗೆಲ್ಲ ರಸ್ತೆ, ಮೆಟ್ರೋ, ಕೆಲಸ ಅನ್ನುತ್ತೀರಿ. ಅವೂ ಬೇಕು, ಇಲ್ಲ ಅನ್ನಲ್ಲ. ಜೊತೆಗೆ ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದ್ರೆ ಸಚಿವರು ಸದನದಲ್ಲೇ ಬಾಯಿಮಾತಲ್ಲಿ ಉತ್ತರಿಸಬೇಕಾದ ಪ್ರಶ್ನೆ, ಹಾಕಿ. ಡಿಜಿಸಿಎಯಲ್ಲಿ ಇವತ್ತಿಗೆ ಎಷ್ಟು ಹುದ್ದೆ ಖಾಲಿ, ಅದರಲ್ಲಿ ಹಾರಾಟದ ಇನ್ಸ್‌ಪೆಕ್ಟರ್‌ಗಳದು ಎಷ್ಟು, ಏರ್‌ಲೈನ್‌ಗಳಿಂದ ಎರವಲು ಬಂದವರು ಎಷ್ಟು, ಯಾವ ತಾರೀಕಿನೊಳಗೆ ತುಂಬುತ್ತಾರೆ. ‘ಪ್ರಕ್ರಿಯೆ ಜಾರಿಯಲ್ಲಿದೆ’ ಅಂತ ಸುಮ್ನೆ ಒಂದು ಸಾಲು ಕೊಟ್ಟರೆ ಬಿಡಬೇಡಿ, ಎದ್ದು ನಿಂತು ಉಪಪ್ರಶ್ನೆ ಕೇಳಿ.

ನನಗೆ ಬೇರೆ ಉತ್ತರ ಬರೆಯುವುದು ಬೇಡ. ಸಚಿವರ ಉತ್ತರದ ಒಂದು ಪ್ರತಿ ಚಿಕ್ಕಬಳ್ಳಾಪುರದ ನಿಮ್ಮ ಕಚೇರಿ ಗೋಡೆಗೆ ಅಂಟಿಸಿ ಸಾಕು, ನಾನೇ ಬಂದು ಓದಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ