ಚೀಟಿ ಅಲ್ಲ, ಚೀಲ ತೋರಿಸಿ

ಸಂಪಾದಕರೇ,

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಅವ್ವ ವಾಂತಿ ಭೇದಿ ಅಂತ ಎರಡು ದಿನ ಮಲಗಿದ್ದಳು. ಸಿಂಧನೂರಿನ ಬಿಸಿಲು ನಿಮಗೆ ಗೊತ್ತೇ ಇದೆ, ಹನ್ನೊಂದಕ್ಕೆಲ್ಲ ಓಣಿಯಲ್ಲಿ ನಾಯಿಯೂ ಕಾಣುವುದಿಲ್ಲ. ಬಿಸಿಲಿಗೆ ಆಗಿದೆ, ಮಜ್ಜಿಗೆ ಕುಡಿದರೆ ಹೋಗುತ್ತದೆ ಅಂತ ನಾವೂ ಸುಮ್ನಿದ್ದೆವು. ಊಟ ಸೇರುತ್ತಿರಲಿಲ್ಲ, ಆದರೆ ಬಿಪಿ, ಶುಗರಿನ ಗುಳಿಗೆ ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ. ಅಂಥ ಶಿಸ್ತು ಅವಳದು. ಮೂರನೇ ದಿನ ಬೆಳಿಗ್ಗೆ ಮೈಯೆಲ್ಲ ಬೆವೆತು, ನನ್ನನ್ನೇ ನೋಡಿ "ಯಾರಪ್ಪಾ ನೀನು" ಅಂದಳು.

ದವಾಖಾನೆಯಲ್ಲಿ ನೋಡಿದರೆ ಶುಗರ್ ತೀರಾ ಇಳಿದು 48, ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 3.1. ಗ್ಲೂಕೋಸ್ ಹಚ್ಚಿ, ಅವಳು ಕಣ್ಣು ಬಿಟ್ಟ ಮೇಲೆ ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರು "ಏನೇನು ತಗೊಳ್ತಾರೆ ತೋರಿಸಿ" ಅಂದರು. ನಾನು ಚೀಟಿ ಕೊಟ್ಟೆ. "ಚೀಟಿ ಅಲ್ರೀ, ಚೀಲ" ಅಂದರು.

ಬಟ್ಟೆ ಅಂಗಡಿಯವರು ಕೊಟ್ಟ ಕೈಚೀಲ ಅದು. ಮೇಜಿನ ಮೇಲೆ ಸುರಿದರೆ ಹನ್ನೊಂದು ಥರದ ಗುಳಿಗೆ! ಊರಿನ ಡಾಕ್ಟರು ಬಿಪಿಗೆ ಬರೆದ ಟೆಲ್ಮಿಸಾರ್ಟಾನ್ ಇತ್ತು. ರಾಯಚೂರಿನ ಡಾಕ್ಟರು ಬರೆದದ್ದೂ ಟೆಲ್ಮಿಸಾರ್ಟಾನೇ, ಕಂಪನಿ ಹೆಸರು ಬೇರೆ, ಬಣ್ಣ ಬೇರೆ. ಎರಡನ್ನೂ ಅವ್ವ ನುಂಗುತ್ತಿದ್ದಳು. ಬಿಪಿಗೇ ಇನ್ನೊಂದು ಅಮ್ಲೋಡಿಪಿನ್. ಅದು ಕೆಲವರಿಗೆ ಕಾಲು ಬಾವು ತರುತ್ತದಂತೆ, ಅವ್ವನಿಗೂ ತಂದಿತ್ತು. ಬಾವು ಹೊಸ ಕಾಯಿಲೆ ಅಂದುಕೊಂಡು ಮತ್ತೊಬ್ಬರ ಹತ್ತಿರ ಹೋಗಿದ್ದೆವು, ಅವರು ಮೂತ್ರ ಜಾಸ್ತಿ ಹೋಗುವ ಗುಳಿಗೆ ಬರೆದರು. ಒಂದು ಗುಳಿಗೆಯ ತೊಂದರೆಗೆ ಇನ್ನೊಂದು ಗುಳಿಗೆ. ಇದರ ಜೊತೆಗೆ ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಅಸಿಕ್ಲೋಫೆನಾಕ್, ಮೂರು ತಿಂಗಳಿಂದ ದಿನಾ ಎರಡರಂತೆ.

ಡಾಕ್ಟರು ಹೇಳಿದ್ದು ನನಗೆ ಕಾಲುವೆ ಲೆಕ್ಕದಲ್ಲಿ ಅರ್ಥವಾಯಿತು. ಕಿಡ್ನಿಯ ಸೋಸುವ ಜಾಗಕ್ಕೆ ರಕ್ತ ತರುವ ನಾಳವನ್ನು ನೋವಿನ ಗುಳಿಗೆ ಬಿಗಿ ಮಾಡುತ್ತದೆ. ಅಲ್ಲಿಂದ ಹೊರಗೆ ಹೋಗುವ ನಾಳವನ್ನು ಟೆಲ್ಮಿಸಾರ್ಟಾನ್ ಸಡಿಲ ಮಾಡುತ್ತದೆ. ಮೂತ್ರದ ಗುಳಿಗೆ ಮೈಯಲ್ಲಿರುವ ನೀರನ್ನೇ ಖಾಲಿ ಮಾಡುತ್ತದೆ. ಮೇಲಿನ ಗೇಟು ಇಳಿಸಿ, ಕೆಳಗಿನ ತೂಬು ತೆಗೆದು, ಡ್ಯಾಮಿನಲ್ಲೂ ನೀರಿಲ್ಲ ಅಂದರೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಗದ್ದೆಯಲ್ಲಿ ಏನು ನಿಲ್ಲುತ್ತದೆ ಹೇಳಿ? ಅದರ ಮೇಲೆ ಬಿಸಿಲು, ವಾಂತಿ, ಭೇದಿ. ಕಿಡ್ನಿ ಸೋತಿತು. ಕಿಡ್ನಿ ಸೋತ ಮೇಲೆ ಶುಗರಿನ ಗ್ಲಿಮೆಪಿರೈಡ್ ಮೈಯಿಂದ ಬೇಗ ಹೋಗುವುದಿಲ್ಲ, ಹೊಟ್ಟೆಯಲ್ಲಿ ಅನ್ನವೂ ಇಲ್ಲ, ಶುಗರ್ ಪಾತಾಳಕ್ಕೆ ಇಳಿಯಿತು.

ಯಾವ ಡಾಕ್ಟರನ್ನು ಬೈಯಲಿ? ಒಬ್ಬೊಬ್ಬರೂ ತಮ್ಮ ಮುಂದಿದ್ದ ತೊಂದರೆಗೆ ಬರೆದಿದ್ದರು, ಪೂರ್ತಿ ಚೀಲವನ್ನು ಒಬ್ಬರೂ ನೋಡಿರಲಿಲ್ಲ, ನಾವೂ ತೋರಿಸಿರಲಿಲ್ಲ. ರಾಯಚೂರಿನವರು "ಬೇರೆ ಏನಾದರೂ ತಗೊಳ್ತೀರೇನಮ್ಮಾ" ಅಂತ ಕೇಳಿದ್ದರು, ನಾನು ಪಕ್ಕದಲ್ಲೇ ಇದ್ದೆ. ಅವ್ವ "ಏನಿಲ್ರೀ" ಅಂದಳು. ಅವಳ ಲೆಕ್ಕದಲ್ಲಿ ನೋವಿನ ಗುಳಿಗೆ ಔಷಧಿಯೇ ಅಲ್ಲ, ಸಂತೆಯಲ್ಲಿ ತಂದ ಹಾಗಲಕಾಯಿ ಪುಡಿಯಂತೂ ಅಲ್ಲವೇ ಅಲ್ಲ. ಅದೂ ಶುಗರ್ ಇಳಿಸಬಹುದಂತೆ.

ನನ್ನ ಸಿಟ್ಟು ಇರುವುದು ಅಂಗಡಿ ಕಟ್ಟೆಯ ಮೇಲೆ. ಅಸಿಕ್ಲೋಫೆನಾಕ್ ಷೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ನಮ್ಮಲ್ಲಿ ಚಾಕೊಲೇಟಿನ ಹಾಗೆ ಸಿಗುತ್ತದೆ. ಅದೂ ಪೂರ್ತಿ ಪಟ್ಟಿ ಅಲ್ಲ, ಕತ್ತರಿಯಲ್ಲಿ ನಾಲ್ಕು ಕತ್ತರಿಸಿ ಕೊಡುತ್ತಾರೆ, ಹೆಸರು ಒಂದು ತುಂಡಿಗೆ, ತಾರೀಖು ಇನ್ನೊಂದು ತುಂಡಿಗೆ. ಓದಲು ಬಾರದವರು ಬಣ್ಣ ನೋಡಿ ನುಂಗುತ್ತಾರೆ, ಕಂಪನಿ ಬದಲಾದರೆ ಬಣ್ಣವೂ ಬದಲು. ಔಷಧಿ ಕೊಡುವಾಗ ಫಾರ್ಮಸಿಸ್ಟ್ ರೋಗಿಗೆ ತಿಳಿಸಿ ಹೇಳಬೇಕು ಅಂತ 2015ರ ನಿಯಮವೇ ಇದೆ. ಡಾಕ್ಟರು ಕಂಪನಿ ಹೆಸರಲ್ಲ, ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ ಬರೆಯಬೇಕು ಅಂತ 2016ರಲ್ಲಿ ವೈದ್ಯಕೀಯ ಮಂಡಳಿಯೂ ಹೇಳಿತ್ತು. ಹಾಗೆ ಬರೆದಿದ್ದರೆ ಎರಡು ಟೆಲ್ಮಿಸಾರ್ಟಾನ್ ನನ್ನ ಕಣ್ಣಿಗೇ ಬೀಳುತ್ತಿತ್ತು, ನಾನೇನೂ ಡಾಕ್ಟರಲ್ಲ.

ಇನ್ನೂ ಕೆಲವು ನಂತರ ಕೇಳಿ ತಿಳಿದುಕೊಂಡೆ. ಹಾರ್ಟಿಗೆ ಆಸ್ಪಿರಿನ್ ತಗೊಳ್ಳುವವರು ನೋವಿನ ಗುಳಿಗೆಯನ್ನೂ ಸೇರಿಸಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಭಯ ಹೆಚ್ಚು. ಗಜಕರ್ಣಕ್ಕೆ ಕೊಡುವ ಫ್ಲುಕೊನಜೋಲ್ ಗ್ಲಿಮೆಪಿರೈಡಿನ ಜೋರು ಹೆಚ್ಚಿಸುತ್ತದೆ. ಥೈರಾಯ್ಡ್ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ನಾಲ್ಕು ತಾಸು ಅಂತರ ಬೇಕು. ಹಾಗಂತ ಈ ಪತ್ರ ಓದಿ ಯಾರೂ ತಾವೇ ಗುಳಿಗೆ ಬಿಡಬೇಡಿ, ಬಿಪಿ ಗುಳಿಗೆ ದಿಢೀರ್ ಬಿಟ್ಟರೆ ಲಕ್ವಾ ಹೊಡೆಯಬಹುದು. ಚೀಲ ಎತ್ತಿಕೊಂಡು ಹೋಗಿ ಒಬ್ಬರ ಮುಂದೆ ಸುರಿಯಿರಿ, ಸಾಕು. ವಾಂತಿ ಭೇದಿ ಆದ ದಿನ ಯಾವುದು ತಗೊಳ್ಳಬೇಕು, ಯಾವುದು ಬಿಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಔಷಧಿಯಿಂದ ತೊಂದರೆ ಆದರೆ ನಾವೇ ಹೇಳಿಕೊಳ್ಳಲು 1800-180-3024 ಅಂತ ಉಚಿತ ನಂಬರ್ ಇದೆ, ಕೇಂದ್ರ ಸರ್ಕಾರದ್ದು. ಯಾವ ಮೆಡಿಕಲ್ ಅಂಗಡಿಯಲ್ಲೂ ಅದನ್ನು ಬರೆದು ಹಾಕಿದ್ದು ನಾನು ಕಂಡಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡುವ ವಿಭಾಗ ಇದ್ದೇ ಇದೆ. ವಾರಕ್ಕೊಂದು ಮಧ್ಯಾಹ್ನ, ಬರೀ ಚೀಲ ನೋಡುವುದಕ್ಕೆ ಅಂತ ಒಬ್ಬರನ್ನು ಕೂರಿಸಲಿ. ಬೇಸಿಗೆ ಶುರುವಾಗುವ ಮೊದಲೇ ಮಾಡಿದರೆ ಒಳ್ಳೆಯದು. ಹೊಸ ಕಟ್ಟಡ ಬೇಡ, ಉದ್ಘಾಟನೆಯೂ ಬೇಡ.

ಅವ್ವನಿಗೆ ಈಗ ಆರೇ ಗುಳಿಗೆ, ಕ್ರಿಯಾಟಿನಿನ್ 1.2ಕ್ಕೆ ಬಂದಿದೆ, ಕಾಲು ಬಾವೂ ಇಲ್ಲ. ಮೊಣಕಾಲು ಮಾತ್ರ ಇನ್ನೂ ನೋಯುತ್ತದೆ, ಅದಕ್ಕೆ ನನ್ನನ್ನೇ ಬೈಯುತ್ತಾಳೆ.

ನಿಮ್ಮಲ್ಲಿ ಒಂದು ಕೇಳಿಕೆ. ಒಂದು ಭಾನುವಾರ ಅರ್ಧ ಪುಟದಲ್ಲಿ ಖಾಲಿ ಪಟ್ಟಿ ಅಚ್ಚು ಹಾಕಿ. ಗುಳಿಗೆ ಹೆಸರು, ಯಾರು ಬರೆದದ್ದು, ಯಾತಕ್ಕೆ, ಎಷ್ಟು ಹೊತ್ತಿಗೆ, ಇಷ್ಟೇ ಕಾಲಂ ಸಾಕು. ಕೊನೆಗೆ ನೋವಿನ ಗುಳಿಗೆಗೂ ನಾಟಿ ಔಷಧಿಗೂ ಒಂದೊಂದು ಸಾಲು ಬಿಡಿ. ಜನ ಕತ್ತರಿಸಿ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ.

— ಒಬ್ಬ ಓದುಗ, ಸಿಂಧನೂರು, ರಾಯಚೂರು ಜಿಲ್ಲೆ